ಸ್ಯಾಂಗ್ವಿನ್: ಒಂದು ಕಷ್ಟದ ಇಂಗ್ಲಿಷ್ ಪದವನ್ನು ಬೇರಿನಿಂದ ಕಲಿಯುವ ಬಗೆ

ಬ್ಯಾಂಕ್ ಪರೀಕ್ಷೆಗೋ ಕ್ಯಾಟ್‌ಗೋ ಜಿಆರ್‌ಇಗೋ ಓದುವವರ ಕೈಯಲ್ಲಿ ಒಂದು ಪದಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಪದ, ಬಲಗಡೆ ಅರ್ಥ. ಸ್ಯಾಂಗ್ವಿನ್ ಅಂದರೆ ಆಪ್ಟಿಮಿಸ್ಟಿಕ್. ಮುಗಿಯಿತು, ಮುಂದಿನ ಪದ. ಹೀಗೆ ಓದಿದ ಪದಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ಮರೆತುಹೋಗುತ್ತವೆ. ನೆನಪಿದ್ದ ಪದವನ್ನೂ ವಾಕ್ಯದಲ್ಲಿ ಹಾಕಲು ಹೆದರಿಕೆ ಆಗುತ್ತದೆ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಪಟ್ಟಿ ಹೇಳಿರುವುದಿಲ್ಲ ಅಲ್ವಾ?

ಇದಕ್ಕೆ ನಾನು ನಂಬಿರುವ ದಾರಿ ಒಂದೇ. ಪದಗಳ ಸಂಖ್ಯೆ ಕಡಿಮೆ ಮಾಡಿ, ಹಿಡಿದ ಪದವನ್ನು ಪೂರ್ತಿ ಕಲಿಯಿರಿ. ಅದರ ಸದ್ದು, ಹುಟ್ಟು, ಹಳೆಯ ಅರ್ಥ, ಅದರ ಜೊತೆ ಹುಟ್ಟಿದ ಪದಗಳು, ಇವತ್ತಿನ ಬಳಕೆ, ಎಲ್ಲವನ್ನೂ ಒಂದೇ ಸಲ ನೋಡಿ. ಒಂದು ಸಂಜೆಗೆ ಒಂದು ಪದ ಸಾಕು. ಹೇಗೆ ಎಂದು ತೋರಿಸಲು ಸ್ಯಾಂಗ್ವಿನ್ ಪದವನ್ನೇ ತೆಗೆದುಕೊಂಡಿದ್ದೇನೆ. ಅದರ ಹಿಂದೆ ಎರಡು ಸಾವಿರ ವರ್ಷಕ್ಕೂ ಹಳೆಯ ವೈದ್ಯಶಾಸ್ತ್ರವೊಂದಿದೆ. ಅದನ್ನು ತಿಳಿದರೆ ಈ ಒಂದು ಪದದ ಜೊತೆ ಇನ್ನೂ ಹತ್ತು ಹನ್ನೆರಡು ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ಬಾಯಲ್ಲಿ ಕೂರಿಸಿ

ಸ್ಪೆಲಿಂಗ್ ಹೀಗಿದೆ: ಎಸ್, ಎ, ಎನ್, ಜಿ, ಯು, ಐ, ಎನ್, ಇ. ಕಣ್ಣಿಗೆ ಕಂಡಂತೆ ಓದಿದರೆ 'ಸ್ಯಾಂಗೈನ್' ಅಂತಲೋ 'ಸ್ಯಾಂಗ್ವೈನ್' ಅಂತಲೋ ಬಾಯಿಗೆ ಬರುತ್ತದೆ. ಎರಡೂ ತಪ್ಪು. ಸರಿಯಾದದ್ದು 'ಸ್ಯಾಂಗ್-ಗ್ವಿನ್'. ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಕೊನೆಯ ಭಾಗ ಗಿಡ್ಡ. ನೆನಪಿಡಲು ಪೆಂಗ್ವಿನ್ ಪದ ಸಾಕು. ಎರಡರ ಬಾಲವೂ ಒಂದೇ ಸದ್ದು.

ಇಲ್ಲಿ ಒಂದು ಚಿಕ್ಕ ನಿಯಮ ಸಿಗುತ್ತದೆ. ಪದದ ಮೊದಲಲ್ಲೇ ಜಿ-ಯು ಬಂದು ಮುಂದೆ ಸ್ವರ ಇದ್ದರೆ ಸಾಮಾನ್ಯವಾಗಿ ಯು ಸದ್ದು ಮಾಡುವುದಿಲ್ಲ: ಗೈಡ್, ಗೆಸ್ಟ್, ಗಿಲ್ಟ್. ಪದದ ನಡುವೆ ಎನ್ ಆದಮೇಲೆ ಬಂದರೆ ಹೆಚ್ಚಾಗಿ 'ಗ್ವ' ಆಗುತ್ತದೆ: ಲ್ಯಾಂಗ್ವೇಜ್, ಡಿಸ್ಟಿಂಗ್ವಿಶ್, ಎಕ್ಸ್ಟಿಂಗ್ವಿಶ್, ಸ್ಯಾಂಗ್ವಿನ್. ಐದಾರು ಸಲ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಓದಿಕೊಂಡ ಪದ ಮಾತಾಡುವಾಗ ಕೈಕೊಡುತ್ತದೆ.

ನಿಘಂಟನ್ನು ಕೊನೆಯ ಸಾಲಿನವರೆಗೆ ಓದಿ

ಮೊಬೈಲ್‌ನಲ್ಲಿ ಪದ ಹುಡುಕಿದಾಗ ಮೊದಲು ಕಾಣುವ ಅರ್ಥ ನೋಡಿ ಮುಚ್ಚಿಬಿಡುವುದು ನಮ್ಮ ಅಭ್ಯಾಸ. ಆದರೆ ನಿಘಂಟುಗಳಲ್ಲಿ ಎರಡು ಬಗೆ ಇದೆ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಇವತ್ತು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಂಥ ದೊಡ್ಡ ನಿಘಂಟು ಹಳೆಯ ಅರ್ಥದಿಂದ ಶುರು ಮಾಡಿ ಹೊಸದಕ್ಕೆ ಬರುತ್ತದೆ. ಮೆರಿಯಂ-ವೆಬ್‌ಸ್ಟರ್‌ನ ಕಾಲೇಜಿಯೇಟ್ ನಿಘಂಟಿನ ಕ್ರಮವೂ ಇದೇ. ಈ ಎರಡನೇ ಬಗೆಯಲ್ಲಿ ನೋಡಿದರೆ ಸ್ಯಾಂಗ್ವಿನ್ ಪದದ ಮೊದಲ ಅರ್ಥ 'ರಕ್ತದಂತೆ ಕೆಂಪಾದ' ಎಂದಿರುತ್ತದೆ. ಕ್ರಮ ಗೊತ್ತಿಲ್ಲದವರು ಅದನ್ನೇ ಇವತ್ತಿನ ಮುಖ್ಯ ಅರ್ಥ ಎಂದುಕೊಳ್ಳುತ್ತಾರೆ.

ಎಲ್ಲಾ ಅರ್ಥಗಳನ್ನು ಒಟ್ಟಿಗೆ ಇಟ್ಟರೆ ಚಿತ್ರ ಹೀಗೆ ಬರುತ್ತದೆ. ರಕ್ತದ ಬಣ್ಣದ. ರಕ್ತಕ್ಕೆ ಸಂಬಂಧಿಸಿದ, ಇದು ಈಗ ಬಹಳ ಅಪರೂಪ. ಮುಖ ಕೆಂಪಗೆ ಆರೋಗ್ಯವಾಗಿರುವ. ಮೈಯಲ್ಲಿ ರಕ್ತದ ಅಂಶ ಹೆಚ್ಚಾಗಿರುವ, ಅದರಿಂದಾಗಿ ಲವಲವಿಕೆಯ ಸ್ವಭಾವದ. ಕೊನೆಯದಾಗಿ ಭರವಸೆ ತುಂಬಿದ, ಒಳ್ಳೆಯದೇ ಆಗುತ್ತದೆ ಎಂದು ನಂಬಿರುವ. ಇವತ್ತು ಪತ್ರಿಕೆಯಲ್ಲಿ ಸ್ಯಾಂಗ್ವಿನ್ ಕಂಡರೆ ಈ ಕೊನೆಯ ಅರ್ಥವೇ ಇರುತ್ತದೆ ಎಂದು ಹೆಚ್ಚೂಕಡಿಮೆ ಖಚಿತವಾಗಿ ಹೇಳಬಹುದು.

ರಕ್ತದ ಬಣ್ಣಕ್ಕೂ ಭರವಸೆಗೂ ಏನು ಸಂಬಂಧ? ಈ ಪ್ರಶ್ನೆ ಮನಸ್ಸಿಗೆ ಬಂದರೆ ಪದ ಅರ್ಧ ಕಲಿತ ಹಾಗೆ.

ಬೇರಿಗೆ ಇಳಿಯಿರಿ

ಲ್ಯಾಟಿನ್ ಭಾಷೆಯಲ್ಲಿ ಸಾಂಗ್ವಿಸ್ ಅಂದರೆ ರಕ್ತ. ಅದರಿಂದ ಸಾಂಗ್ವಿನಿಯಸ್, ಅಂದರೆ ರಕ್ತದ. ಹಳೆಯ ಫ್ರೆಂಚ್ ಮೂಲಕ ಈ ಪದ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್‌ಗೆ ಬಂದಿತ್ತು. ಆಗ ಬಣ್ಣವನ್ನು ಹೇಳಲು ಬಳಸುತ್ತಿದ್ದರು. ಕೆಂಪು ಬಟ್ಟೆಯ ಒಂದು ಬಗೆಗೂ ಇದೇ ಹೆಸರಿತ್ತು. 'ಭರವಸೆಯ' ಎಂಬ ಅರ್ಥ ಕಾಣುವುದು ಸುಮಾರು 1500ರ ಹೊತ್ತಿಗೆ.

ಲ್ಯಾಟಿನ್‌ನಲ್ಲಿ ರಕ್ತಕ್ಕೆ ಎರಡು ಪದಗಳಿದ್ದವು. ಮೈಯೊಳಗೆ ಹರಿಯುವ, ಜೀವ ಕೊಡುವ ರಕ್ತ ಸಾಂಗ್ವಿಸ್. ಗಾಯದಿಂದ ಹೊರಗೆ ಚೆಲ್ಲಿದ ರಕ್ತ ಕ್ರೂಓರ್. ಈ ಎರಡನೆಯದರ ಬಳಗಕ್ಕೆ ಸೇರಿದ್ದು ಇಂಗ್ಲಿಷ್‌ನ ಕ್ರೂಯೆಲ್ ಮತ್ತು ಕ್ರೂಡ್. ಸಂಸ್ಕೃತದಿಂದ ನಮಗೆ ಬಂದ 'ಕ್ರೂರ' ಪದವೂ ಅದೇ ಪ್ರಾಚೀನ ಮೂಲದ್ದು. ಹಸಿ ಮಾಂಸ, ಚೆಲ್ಲಿದ ರಕ್ತ ಎಂಬ ಭಾವನೆಯಿಂದ ಹೊರಟು ಇಲ್ಲೂ ಅಲ್ಲೂ ಒಂದೇ ಅರ್ಥಕ್ಕೆ ಬಂದು ನಿಂತಿವೆ. ಸ್ಯಾಂಗ್ವಿನ್ ಬಂದಿದ್ದು ಚೆಲ್ಲಿದ ರಕ್ತದಿಂದ ಅಲ್ಲ, ಒಳಗೆ ಹರಿಯುವ ರಕ್ತದಿಂದ. ಒಳ್ಳೆಯ ಅರ್ಥ ಅದಕ್ಕೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಬೇರು ನೋಡುವಾಗ ಇನ್ನೊಂದು ಲಾಭ ಇದೆ. ಇಂಗ್ಲಿಷ್‌ನಲ್ಲಿ ಒಂದೇ ವಸ್ತುವಿಗೆ ಮೂರು ಕಡೆಯಿಂದ ಪದಗಳು ಬಂದಿವೆ. ಮನೆಯ ಪದ ಬ್ಲಡ್. ಲ್ಯಾಟಿನ್ ಮತ್ತು ಫ್ರೆಂಚ್ ಕಡೆಯಿಂದ ಸ್ಯಾಂಗ್ವಿನ್. ಗ್ರೀಕ್‌ನ ಹೈಮಾದಿಂದ ಹಿಮೋಗ್ಲೋಬಿನ್, ಅನೀಮಿಯಾ, ಹೆಮಟಾಲಜಿ. ಮನೆಮಾತಿಗೆ ಮೊದಲನೆಯದು, ಗಂಭೀರ ಬರವಣಿಗೆಗೆ ಎರಡನೆಯದು, ಆಸ್ಪತ್ರೆ ಮತ್ತು ಲ್ಯಾಬಿಗೆ ಮೂರನೆಯದು. ಕಷ್ಟದ ಪದ ಯಾವ ಕಡೆಯದು ಎಂದು ಗೊತ್ತಾದರೆ ಅದನ್ನು ಎಲ್ಲಿ ಬಳಸಬಹುದು ಎಂಬ ಅಂದಾಜು ಸಿಗುತ್ತದೆ.

ಪದದ ಹಿಂದಿನ ನಂಬಿಕೆಯನ್ನು ಓದಿ

ಈ ಹೆಜ್ಜೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಪ್ರಾಚೀನ ಗ್ರೀಸ್‌ನ ವೈದ್ಯರು ಮನುಷ್ಯನ ಮೈಯಲ್ಲಿ ನಾಲ್ಕು ದ್ರವಗಳಿವೆ ಎಂದು ಹೇಳಿದರು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಹಿಪಾಕ್ರಟಿಸ್‌ನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿ ಈ ವಿಚಾರ ಬರುತ್ತದೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಅದನ್ನು ಬೆಳೆಸಿದ. ಅವನು ಹುಟ್ಟಿದ್ದು ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್‌ನಲ್ಲಿ, ಹೆಸರು ಮಾಡಿದ್ದು ರೋಮ್‌ನಲ್ಲಿ. ನಾಲ್ಕೂ ದ್ರವಗಳು ಹದವಾಗಿದ್ದರೆ ಆರೋಗ್ಯ, ಹದ ತಪ್ಪಿದರೆ ಕಾಯಿಲೆ. ಯಾವ ದ್ರವ ಸ್ವಲ್ಪ ಮುಂದಿದೆಯೋ ಅದಕ್ಕೆ ತಕ್ಕ ಸ್ವಭಾವ.

ಪ್ರತಿ ದ್ರವಕ್ಕೂ ಒಂದು ಋತು, ಒಂದು ಗುಣ ಇತ್ತು. ರಕ್ತ ಬಿಸಿ ಮತ್ತು ತೇವ, ಅದರ ಕಾಲ ವಸಂತ. ಹಳದಿ ಪಿತ್ತ ಬಿಸಿ ಮತ್ತು ಒಣ, ಬೇಸಿಗೆಯದು. ಕಪ್ಪು ಪಿತ್ತ ತಂಪು ಮತ್ತು ಒಣ, ಎಲೆ ಉದುರುವ ಕಾಲದ್ದು. ಕಫ ತಂಪು ಮತ್ತು ತೇವ, ಚಳಿಗಾಲದ್ದು. ಈಗ ಸ್ವಭಾವಗಳನ್ನು ನೋಡಿ. ರಕ್ತ ಹೆಚ್ಚಿದ್ದವನು ಸ್ಯಾಂಗ್ವಿನ್: ಕೆಂಪು ಮುಖ, ಲವಲವಿಕೆ, ಧೈರ್ಯ, ನಾಳೆಯ ಬಗ್ಗೆ ನಂಬಿಕೆ. ಹಳದಿ ಪಿತ್ತ ಹೆಚ್ಚಿದ್ದವನು ಕಾಲರಿಕ್: ಸಿಡುಕು, ಮುಂಗೋಪ. ಕಪ್ಪು ಪಿತ್ತ ಹೆಚ್ಚಿದ್ದವನು ಮೆಲಂಕಾಲಿಕ್: ದುಃಖ, ಒಂಟಿತನ, ಯೋಚನೆ. ಕಫ ಹೆಚ್ಚಿದ್ದವನು ಫ್ಲೆಗ್‌ಮ್ಯಾಟಿಕ್: ನಿಧಾನ, ಯಾವುದಕ್ಕೂ ಅಲ್ಲಾಡದವನು.

ನಾಲ್ಕು ಕಷ್ಟದ ಪದಗಳು ಒಂದೇ ಸಲ ಬಂದವು. ಇವುಗಳನ್ನು ಪಟ್ಟಿಯಲ್ಲಿ ಬೇರೆ ಬೇರೆ ಪುಟಗಳಲ್ಲಿ ಓದುವುದಕ್ಕಿಂತ ಒಟ್ಟಿಗೆ ಓದುವುದು ಎಷ್ಟೋ ಸುಲಭ.

ಕಾಲರಿಕ್ ಪದವನ್ನು ನಾವು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಕೋಪ ಬಂದವರನ್ನು ನೋಡಿ 'ಪಿತ್ತ ನೆತ್ತಿಗೇರಿದೆ' ಎಂದು ನಾವು ಮೊದಲಿನಿಂದಲೂ ಹೇಳುತ್ತೇವೆ. ಗ್ರೀಕ್‌ನಲ್ಲಿ ಖೋಲೆ ಅಂದರೆ ಪಿತ್ತ. ಕಾಲರಾ ಕಾಯಿಲೆಯ ಹೆಸರಿನಲ್ಲೂ ಅದೇ ಪದ ಇದೆ. ಕೊಲೆಸ್ಟರಾಲ್‌ನಲ್ಲೂ ಇದೆ, ಆ ವಸ್ತು ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಮೆಲಂಕಲಿಯನ್ನು ಬಿಡಿಸಿದರೆ ಮೆಲಾಸ್ ಅಂದರೆ ಕಪ್ಪು, ಖೋಲೆ ಅಂದರೆ ಪಿತ್ತ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಹೆಸರೂ ಈ ಮೆಲಾಸ್‌ನಿಂದಲೇ ಬಂದದ್ದು. ಕಫಕ್ಕೆ ಇಂಗ್ಲಿಷ್‌ನಲ್ಲಿ ಫ್ಲೆಮ್ ಎನ್ನುತ್ತಾರೆ, ಬರೆಯುವಾಗ ಮಧ್ಯೆ ಜಿ ಇರುತ್ತದೆ, ಆದರೆ ಕೇಳಿಸುವುದಿಲ್ಲ. ಫ್ಲೆಗ್‌ಮ್ಯಾಟಿಕ್ ಆದಾಗ ಅದೇ ಜಿ ಕೇಳಿಸುತ್ತದೆ.

ಇನ್ನೂ ಮೂರು ಪದಗಳನ್ನು ಇಲ್ಲೇ ನೋಡಿಬಿಡಿ. ಈ ದ್ರವಗಳಿಗೆ ಇದ್ದ ಹೆಸರೇ ಹ್ಯೂಮರ್. ಲ್ಯಾಟಿನ್‌ನಲ್ಲಿ ಅದರ ಅರ್ಥ ತೇವ, ದ್ರವ. ದ್ರವದಿಂದ ಸ್ವಭಾವ, ಸ್ವಭಾವದಿಂದ ಮನಸ್ಸಿನ ಸ್ಥಿತಿ, ಅಲ್ಲಿಂದ ನಗೆ ಎಂಬ ಅರ್ಥಕ್ಕೆ ಅದು ನಡೆದು ಬಂತು. ದ್ರವಗಳ ಬೆರಕೆಗೆ ಇದ್ದ ಹೆಸರು ಟೆಂಪರಮೆಂಟ್. ಈಗ ಅದು ಮನೋಭಾವ. ಕಾಂಪ್ಲೆಕ್ಷನ್ ಎಂಬುದೂ ಇದೇ ಬೆರಕೆಯ ಹೆಸರು. ಬೆರಕೆ ಹೇಗಿದೆ ಎಂದು ಮುಖದ ಬಣ್ಣ ನೋಡಿ ಹೇಳುತ್ತಿದ್ದರಿಂದ ಕಾಂಪ್ಲೆಕ್ಷನ್ ಅಂದರೆ ಮೈಬಣ್ಣ ಎಂದಾಯಿತು. ಕ್ರೀಮಿನ ಡಬ್ಬಿಯ ಮೇಲೆ ನಾವು ಓದುವ ಪದದ ಹಿಂದೆ ಇಷ್ಟೆಲ್ಲ ಇದೆ.

ನಮ್ಮ ವಾತ, ಪಿತ್ತ, ಕಫವೂ ಇದೇ ತಾನೇ ಎಂದು ಯಾರಿಗಾದರೂ ಅನಿಸುತ್ತದೆ. ಹೋಲಿಕೆ ಇದೆ, ಆದರೆ ಎರಡೂ ಒಂದಲ್ಲ. ಗ್ರೀಕರ ಲೆಕ್ಕದಲ್ಲಿ ವಾತ ಇಲ್ಲ. ಆಯುರ್ವೇದದ ದೋಷಗಳಲ್ಲಿ ಕಪ್ಪು ಪಿತ್ತ ಇಲ್ಲ. ಸುಶ್ರುತ ಸಂಹಿತೆಯಲ್ಲಿ ಮಾತ್ರ ಮೂರು ದೋಷಗಳ ಜೊತೆ ರಕ್ತವನ್ನು ನಾಲ್ಕನೆಯದಾಗಿ ಹೇಳುವ ಮಾತು ಬರುತ್ತದೆ. ನೆನಪಿಗೆ ಈ ಹೋಲಿಕೆ ಸಹಾಯ ಮಾಡಲಿ, ಅದಕ್ಕಿಂತ ಮುಂದೆ ಎಳೆಯಬೇಡಿ.

ನಿಜವಾಗಿ ನೇರ ನಂಟು ಇರುವುದು ಯುನಾನಿ ವೈದ್ಯಕ್ಕೆ. ಯುನಾನಿ ಅಂದರೇ ಗ್ರೀಕರದು, ನಮ್ಮ ಹಳೆಯ ಪುಸ್ತಕಗಳ 'ಯವನ' ಪದದ ಬಂಧು. ಗ್ಯಾಲೆನ್‌ನ ವೈದ್ಯಶಾಸ್ತ್ರ ಅರಬ್ಬಿ ಭಾಷೆಗೆ ಹೋಯಿತು. 980ರಿಂದ 1037ರವರೆಗೆ ಬದುಕಿದ್ದ ಇಬ್ನ್ ಸೀನಾನಂಥ ಪಂಡಿತರ ಕೈಯಲ್ಲಿ ಬೆಳೆಯಿತು. ಆಮೇಲೆ ಪರ್ಷಿಯಾ ಮಾರ್ಗವಾಗಿ ಭಾರತಕ್ಕೆ ಬಂತು. ಯುನಾನಿಯಲ್ಲಿ ನಾಲ್ಕು ದ್ರವಗಳ ಹೆಸರು ದಮ್, ಬಲ್ಗಮ್, ಸಫ್ರಾ, ಸೌದಾ. ದಮ್ ಅಂದರೆ ರಕ್ತ. ರಕ್ತ ಪ್ರಧಾನವಾದ ಸ್ವಭಾವ ದಮವಿ. ಇಂಗ್ಲಿಷ್‌ನ ಸ್ಯಾಂಗ್ವಿನ್ ಇದೇ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ಯೂರೋಪಿನಲ್ಲಿ ಬರೀ ಪದಗಳಾಗಿ ಉಳಿದ ಈ ನಾಲ್ಕು ಸ್ವಭಾವಗಳು ಯುನಾನಿಯಲ್ಲಿ ಇವತ್ತಿಗೂ ಪಾಠ.

ಯೂರೋಪಿನಲ್ಲಿ ಈ ನಂಬಿಕೆ ಬೇಗ ಹೋಗಲಿಲ್ಲ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ. ಆದರೂ ಹೆಚ್ಚಾದ ರಕ್ತ ತೆಗೆದರೆ ಕಾಯಿಲೆ ಹೋಗುತ್ತದೆ ಎಂದು ರಕ್ತನಾಳ ಕೊಯ್ಯುವ ಚಿಕಿತ್ಸೆ 19ನೇ ಶತಮಾನದಲ್ಲೂ ನಡೆಯಿತು. 1799ರ ಡಿಸೆಂಬರ್‌ನಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಗಂಟಲಿನ ಕಾಯಿಲೆ ಬಂತು. ಒಂದೇ ದಿನ ಮತ್ತೆ ಮತ್ತೆ ರಕ್ತ ತೆಗೆದರು. ಆ ರಾತ್ರಿಯೇ ಅವರು ತೀರಿಕೊಂಡರು. ರಕ್ತ ತೆಗೆಯುವ ಚೂಪಾದ ಚಾಕುವಿನ ಹೆಸರು ಲ್ಯಾನ್ಸೆಟ್. 1823ರಲ್ಲಿ ಲಂಡನ್‌ನಲ್ಲಿ ಶುರುವಾದ ಪ್ರಸಿದ್ಧ ವೈದ್ಯ ಪತ್ರಿಕೆಯೂ ಅದೇ ಹೆಸರಿನಲ್ಲಿ ಇಂದಿಗೂ ಬರುತ್ತಿದೆ. ಶಾಸ್ತ್ರ ಬಿದ್ದುಹೋಯಿತು, ಅದರ ಪದಗಳು ಉಳಿದವು.

ಹಳೆಯ ಬಳಕೆಯನ್ನು ಒಂದೆರಡು ಕಡೆ ನೋಡಿ

ಇಲ್ಲಿ ಜಾಸ್ತಿ ಹೊತ್ತು ಬೇಡ. 1400ರಲ್ಲಿ ತೀರಿಕೊಂಡ ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳ ಮುನ್ನುಡಿಯಲ್ಲಿ ಒಬ್ಬ ಜಮೀನ್ದಾರನನ್ನು ಚಿತ್ರಿಸುತ್ತಾನೆ. ಬಿಳಿ ಗಡ್ಡ, ಊಟದ ಮೇಲೆ ಪ್ರೀತಿ, ಬಂದವರಿಗೆಲ್ಲ ಮನೆ ತೆರೆದಿಡುವ ಮನಸ್ಸು. ಅವನ ಕಾಂಪ್ಲೆಕ್ಷನ್ ಸ್ಯಾಂಗ್ವಿನ್ ಆಗಿತ್ತು ಎನ್ನುತ್ತಾನೆ. ಒಂದೇ ಪದದಲ್ಲಿ ಮುಖದ ಕೆಂಪೂ ಬಂತು, ಸ್ವಭಾವವೂ ಬಂತು. ಪದ ಬಣ್ಣದಿಂದ ಮನಸ್ಸಿಗೆ ದಾಟುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಷೇಕ್ಸ್‌ಪಿಯರ್‌ನ ನಾಲ್ಕನೇ ಹೆನ್ರಿ ನಾಟಕದ ಮೊದಲ ಭಾಗದಲ್ಲಿ ರಾಜಕುಮಾರ ತನ್ನ ಕುಡುಕ ಗೆಳೆಯ ಫಾಲ್‌ಸ್ಟಾಫ್‌ನನ್ನು ಸ್ಯಾಂಗ್ವಿನ್ ಹೇಡಿ ಎಂದು ಬೈಯುತ್ತಾನೆ. 'ಆಶಾವಾದಿ ಹೇಡಿ' ಎಂದು ಓದಿಕೊಂಡರೆ ಅರ್ಥ ಕೆಡುತ್ತದೆ. ಅಲ್ಲಿ ಕುಡಿದು ತಿಂದು ಕೆಂಪಾದ ಮುಖದ ಕಡೆಗೇ ಬೆರಳು. ರಕ್ತ ಹೆಚ್ಚಿದ್ದವನು ಧೈರ್ಯಶಾಲಿ ಎಂಬುದು ಆ ಕಾಲದ ನಂಬಿಕೆ. ಮುಖ ನೋಡಿದರೆ ಧೈರ್ಯಶಾಲಿ, ಒಳಗೆ ಹೇಡಿ ಎಂಬ ಚುಚ್ಚು ಅದರಲ್ಲಿದೆ. ಹಳೆಯ ಪುಸ್ತಕ ಓದುವಾಗ ಹಳೆಯ ಅರ್ಥ ಕೈಯಲ್ಲಿರಬೇಕು ಎನ್ನುವುದು ಇದಕ್ಕೇ.

ಚಿತ್ರಕಲೆಯವರಿಗೆ ಈ ಪದ ಬೇರೆ ದಾರಿಯಲ್ಲಿ ಪರಿಚಯ. ಕಬ್ಬಿಣದ ಅಂಶ ಇರುವ ಕೆಂಗಂದು ಸೀಮೆಸುಣ್ಣಕ್ಕೂ, ಅದರಲ್ಲಿ ಬರೆದ ಚಿತ್ರಕ್ಕೂ ಸ್ಯಾಂಗ್ವಿನ್ ಎಂದೇ ಹೆಸರು. ಇಟಲಿಯ ಟ್ಯೂರಿನ್‌ನಲ್ಲಿರುವ, ಲಿಯೊನಾರ್ಡೊನ ಸ್ವಂತ ಮುಖ ಎಂದು ಎಷ್ಟೋ ಜನ ನಂಬುವ ಉದ್ದ ಗಡ್ಡದ ಮುದುಕನ ರೇಖಾಚಿತ್ರ ಈ ಕೆಂಪು ಸೀಮೆಸುಣ್ಣದ್ದು.

ಬಂಧುಬಳಗವನ್ನು ಪರಿಚಯ ಮಾಡಿಕೊಳ್ಳಿ

ಇಲ್ಲಿ ಎಚ್ಚರ ಬೇಕು, ಪರೀಕ್ಷೆಯಲ್ಲಿ ಬಲೆ ಬೀಸುವುದು ಇಲ್ಲೇ. ಸ್ಯಾಂಗ್ವಿನರಿ ಎಂಬ ಪದ ನೋಡಲು ಅಣ್ಣತಮ್ಮನಂತೆ ಇದೆ. ಅರ್ಥ ಪೂರ್ತಿ ಬೇರೆ: ರಕ್ತಪಾತದ, ರಕ್ತದಾಹದ. ಒಂದು ಯುದ್ಧವನ್ನು ಸ್ಯಾಂಗ್ವಿನರಿ ಎನ್ನಬಹುದು. ಯುದ್ಧ ಬೇಗ ಮುಗಿಯುತ್ತದೆ ಎಂದು ನಂಬಿದ ಸೇನಾಪತಿಯನ್ನು ಸ್ಯಾಂಗ್ವಿನ್ ಎನ್ನಬೇಕು. ಬಾಲದ 'ಅರಿ' ನೋಡಿದ ಕೂಡಲೇ ರಕ್ತ ಚೆಲ್ಲಿದೆ ಎಂದು ಗುರುತು ಹಾಕಿಕೊಳ್ಳಿ.

ಎಕ್ಸ್ಯಾಂಗ್ವಿನೇಶನ್ ಆಸ್ಪತ್ರೆಯ ಪದ, ಪ್ರಾಣಕ್ಕೆ ಅಪಾಯವಾಗುವಷ್ಟು ರಕ್ತ ಹೋಗುವುದು. ಸಾಂಗ್-ಫ್ರ್ವಾ ಫ್ರೆಂಚ್‌ನಿಂದ ಹಾಗೇ ಬಂದದ್ದು. ತಂಪು ರಕ್ತ ಎಂದು ಅಕ್ಷರಾರ್ಥ, ಅಪಾಯದಲ್ಲೂ ಗಲಿಬಿಲಿಯಾಗದ ಸಮಾಧಾನ ಎಂದು ಬಳಕೆ. ಸ್ಪೇನಿನ ಸಾಂಗ್ರಿಯಾ ಪಾನೀಯಕ್ಕೂ ಕೆಂಪು ಬಣ್ಣದ ದೆಸೆಯಿಂದ ಈ ಹೆಸರು.

ನಮಗೆ ತೀರಾ ಹತ್ತಿರದ ಪದ ಕನ್ಸ್ಯಾಂಗ್ವಿನಿಟಿ. ಕನ್ ಅಂದರೆ ಜೊತೆ. ಒಂದೇ ರಕ್ತ ಹಂಚಿಕೊಂಡವರು, ಅಂದರೆ ರಕ್ತಸಂಬಂಧ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಈ ಪದಕ್ಕೆ ಒಂದು ಭಾಗವೇ ಮೀಸಲು. ನೇರವಾಗಿ ಮೇಲೆ ಕೆಳಗೆ ಹೋಗುವ ಸಂಬಂಧ, ಅಂದರೆ ಅಜ್ಜ, ಅಪ್ಪ, ಮಗ, ಒಂದು ಬಗೆ. ಪಕ್ಕಕ್ಕೆ ಕವಲೊಡೆಯುವ ಸಂಬಂಧ, ಅಂದರೆ ಅಣ್ಣ, ಚಿಕ್ಕಪ್ಪ, ಅವರ ಮಕ್ಕಳು, ಇನ್ನೊಂದು ಬಗೆ. ಕಾನೂನು ಓದುವವರು ಇದನ್ನು ತಪ್ಪಿಸಿಕೊಳ್ಳಲಾರರು.

ಆಸ್ಪತ್ರೆಯಲ್ಲೂ ಈ ಪದ ಇದೆ. ಗರ್ಭಿಣಿಯನ್ನೋ ಮಗುವನ್ನೋ ತಪಾಸಣೆಗೆ ಕರೆದುಕೊಂಡು ಹೋದಾಗ 'ಸಂಬಂಧದಲ್ಲೇ ಮದುವೆಯಾ?' ಎಂದು ಕೇಳುತ್ತಾರೆ. ವೈದ್ಯರ ಭಾಷೆಯಲ್ಲಿ ಅದು ಕನ್ಸ್ಯಾಂಗ್ವಿನಿಯಸ್ ಮದುವೆ. ಸೋದರಮಾವನನ್ನು, ಅತ್ತೆ ಮಗನನ್ನು, ಮಾವನ ಮಗಳನ್ನು ಮದುವೆಯಾಗುವ ರೂಢಿ ಇರುವ ಕರ್ನಾಟಕದಂಥ ದಕ್ಷಿಣದ ರಾಜ್ಯಗಳಲ್ಲಿ ಈ ಪ್ರಶ್ನೆಗೆ ಮಹತ್ವ ಜಾಸ್ತಿ. ತಳಿಶಾಸ್ತ್ರದ ಲೆಕ್ಕದಲ್ಲಿ ಸೋದರಮಾವ ಮತ್ತು ಅವನ ಅಕ್ಕನ ಮಗಳು ಎರಡನೇ ಹಂತದ ರಕ್ತಸಂಬಂಧಿಗಳು, ಅತ್ತೆ ಮಾವನ ಮಕ್ಕಳು ಮೂರನೇ ಹಂತದವರು. ರಕ್ತ ಹತ್ತಿರವಾದಷ್ಟೂ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಹೆಚ್ಚು. ಅದಕ್ಕೇ ಆ ಪ್ರಶ್ನೆ. ಮುಂದೆ ಯಾವ ವೈದ್ಯಕೀಯ ಚೀಟಿಯಲ್ಲಿ ಈ ಉದ್ದದ ಪದ ಕಂಡರೂ ನಡುವಿನ ಸಾಂಗ್ವಿಸ್ ನಿಮಗೆ ಗುರುತು ಸಿಗುತ್ತದೆ.

ಇವತ್ತಿನ ಬಳಕೆಯನ್ನು ಗಮನಿಸಿ

ಹುಟ್ಟು ತಿಳಿದ ಮಾತ್ರಕ್ಕೆ ಬಳಕೆ ಬಂದುಬಿಡುವುದಿಲ್ಲ. ಬಳಕೆಯನ್ನು ವಾಕ್ಯಗಳಿಂದಲೇ ಹಿಡಿಯಬೇಕು. ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಮತ್ತು ವಾಣಿಜ್ಯ ಪುಟಗಳಲ್ಲಿ ಹುಡುಕಿ, ಐದಾರು ವಾಕ್ಯ ಬರೆದುಕೊಳ್ಳಿ. ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು, ಇದಾದ ಮೇಲೆ ಹೆಚ್ಚಾಗಿ 'ಅಬೌಟ್' ಬರುತ್ತದೆ: ಸ್ಯಾಂಗ್ವಿನ್ ಅಬೌಟ್ ದ ಫ್ಯೂಚರ್, ಸ್ಯಾಂಗ್ವಿನ್ ಅಬೌಟ್ ಗ್ರೋತ್. 'ದ್ಯಾಟ್' ಕೂಡ ಬರಬಹುದು. ಎರಡನೆಯದು, ಇದು ಮುಂದೆ ಆಗಬೇಕಾದದ್ದರ ಬಗ್ಗೆ ಇರುವ ಭರವಸೆ. ಇವತ್ತು ಬಹುಮಾನ ಬಂತು, ಖುಷಿಯಾಗಿದ್ದೇನೆ ಎನ್ನಲು ಸ್ಯಾಂಗ್ವಿನ್ ಬಳಸಬಾರದು. ಅದಕ್ಕೆ ಹ್ಯಾಪಿ, ಡಿಲೈಟೆಡ್ ಇವೆ. ಬಹುಮಾನ ಬರುತ್ತದೆ ಎಂಬ ನಂಬಿಕೆ ಇದ್ದರೆ ಆಗ ಸರಿ. ಮೂರನೆಯದನ್ನು ಪಟ್ಟಿಗಳು ಹೇಳುವುದೇ ಇಲ್ಲ. ಈ ಪದ ಇಲ್ಲ ಎನ್ನುವ ವಾಕ್ಯಗಳಲ್ಲಿ ಬಹಳ ಸಲ ಕಾಣಿಸುತ್ತದೆ: ನಾಟ್ ಸ್ಯಾಂಗ್ವಿನ್, ಲೆಸ್ ಸ್ಯಾಂಗ್ವಿನ್, ಫಾರ್ ಫ್ರಮ್ ಸ್ಯಾಂಗ್ವಿನ್. ಸರ್ಕಾರಕ್ಕೆ ಭರವಸೆ ಇದೆ, ಆದರೆ ಅರ್ಥಶಾಸ್ತ್ರಜ್ಞರು ಅಷ್ಟು ಸ್ಯಾಂಗ್ವಿನ್ ಆಗಿಲ್ಲ. ಇಂಥ ವಾಕ್ಯ ಅದಕ್ಕೆ ಸಹಜವಾದ ಜಾಗ. 'ಟೂ ಸ್ಯಾಂಗ್ವಿನ್' ಎಂದರೆ ಕಷ್ಟಗಳನ್ನು ನೋಡದೆ ಭರವಸೆ ಇಟ್ಟಿದ್ದಾರೆ ಎಂಬ ಆಕ್ಷೇಪಣೆ.

ಸ್ನೇಹಿತರ ಜೊತೆ ಮಾತಾಡುವಾಗ ಈ ಪದ ಬೇಡ. ಸಂದರ್ಶನದಲ್ಲಿ ಇಂಗ್ಲಿಷ್ ಚೆನ್ನಾಗಿದೆ ಎಂದು ತೋರಿಸಲು ತುರುಕುವುದಂತೂ ಬೇಡವೇ ಬೇಡ. ಹೋಪ್‌ಫುಲ್ ಮತ್ತು ಆಪ್ಟಿಮಿಸ್ಟಿಕ್ ಸರಳವಾದ ಒಳ್ಳೆಯ ಪದಗಳು, ಮಾತಿಗೆ ಅವೇ ಸಾಕು. ಪ್ರಬಂಧ, ವರದಿ, ಗಂಭೀರ ಲೇಖನದಲ್ಲಿ ಒಮ್ಮೆ ಸರಿಯಾದ ಜಾಗದಲ್ಲಿ ಬಂದರೆ ಸ್ಯಾಂಗ್ವಿನ್‌ಗೆ ತೂಕ ಇರುತ್ತದೆ. ಒಂದೇ ಪುಟದಲ್ಲಿ ಎರಡು ಸಲ ಬಂದರೆ ಓದುವವರಿಗೆ ಕಿರಿಕಿರಿ.

ಕನ್ನಡದಲ್ಲಿ ಹೇಳಿ ನೋಡಿ

ಒಂದು ಪದ ಅರ್ಥವಾಗಿದೆಯೇ ಎಂದು ಪರೀಕ್ಷಿಸಲು ನನಗೆ ಗೊತ್ತಿರುವ ಗಟ್ಟಿ ದಾರಿ ಇದು. ಇಂಗ್ಲಿಷ್ ವಾಕ್ಯವನ್ನು ತೆಗೆದುಕೊಂಡು ಮನೆಯವರಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ. 'ಆಶಾವಾದಿ' ಎಂದು ಎಲ್ಲ ಕಡೆ ಅಂಟಿಸಬೇಡಿ. ಆಶಾವಾದಿ ಎನ್ನುವುದು ಮನುಷ್ಯನ ಖಾಯಂ ಗುಣ. ಆದರೆ ಇವತ್ತಿನ ವಾಕ್ಯಗಳಲ್ಲಿ ಸ್ಯಾಂಗ್ವಿನ್ ಹೆಚ್ಚಾಗಿ ಒಂದು ನಿರ್ದಿಷ್ಟ ವಿಷಯದ ಬಗ್ಗೆ ಇರುತ್ತದೆ. ಮಳೆಯ ಬಗ್ಗೆ ರೈತರು ನಾಟ್ ಸ್ಯಾಂಗ್ವಿನ್ ಎಂದಿದ್ದರೆ 'ಈ ಸಲ ಮಳೆ ಕೈಹಿಡಿಯುತ್ತದೆ ಎಂಬ ನಂಬಿಕೆ ರೈತರಿಗಿಲ್ಲ' ಎನ್ನುವುದೇ ಕನ್ನಡ. ಸ್ಯಾಂಗ್ವಿನ್ ಟೆಂಪರಮೆಂಟ್ ಎಂದಿದ್ದರೆ ಮಾತ್ರ ಸ್ವಭಾವ ಬಂತು, ಆಗ 'ಲವಲವಿಕೆಯ ಸ್ವಭಾವ' ಸರಿಹೊಂದುತ್ತದೆ. ಹಳೆಯ ಕಥೆಯಲ್ಲಿ ಸ್ಯಾಂಗ್ವಿನ್ ಫೇಸ್ ಎಂದಿದ್ದರೆ 'ಕೆಂಪಡರಿದ ಮುಖ'.

ರಕ್ತದ ಪದ ಎಂದು 'ಬಿಸಿರಕ್ತ'ದ ಕಡೆಗೆ ಕೈ ಹೋಗಬಹುದು. ಬೇಡ. ಕನ್ನಡದಲ್ಲಿ ಬಿಸಿರಕ್ತದ ಹುಡುಗ ಎಂದರೆ ಹಿಂದೆಮುಂದೆ ನೋಡದೆ ನುಗ್ಗುವವನು. ಅದರಲ್ಲಿ ದುಡುಕು ಇದೆ, ಭರವಸೆ ಇಲ್ಲ.

ನೋಟ್‌ಬುಕ್‌ನಲ್ಲಿ ಬರೆಯುವ ರೀತಿ

ಪದಕ್ಕೆ ಅರ್ಧ ಪುಟ ಕೊಡಿ. ಮೇಲೆ ಸ್ಪೆಲಿಂಗ್, ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ. ಕೆಳಗೆ ಬೇರು, ಒಂದೇ ಸಾಲು: ಸಾಂಗ್ವಿಸ್, ರಕ್ತ. ಆಮೇಲೆ ನಾಲ್ಕು ಸ್ವಭಾವಗಳು ಒಟ್ಟಿಗೆ. ಎಚ್ಚರಿಕೆ ಎಂದು ಬರೆದು ಸ್ಯಾಂಗ್ವಿನರಿ. ಕೊನೆಗೆ ಪತ್ರಿಕೆಯಿಂದ ಆರಿಸಿದ ಒಂದು ವಾಕ್ಯ, ನೀವೇ ಮಾಡಿದ ಒಂದು ವಾಕ್ಯ. ನೀವು ಮಾಡುವ ವಾಕ್ಯ ನಿಮಗೆ ನಿಜವಾಗಿ ಸಂಬಂಧಿಸಿದ್ದಾಗಿರಲಿ. ನಿಮ್ಮ ಫಲಿತಾಂಶ, ನಿಮ್ಮ ಊರಿನ ರಸ್ತೆ, ನಿಮ್ಮ ತಂಡದ ಮುಂದಿನ ಪಂದ್ಯ. ಎರಡು ದಿನ ಬಿಟ್ಟು ಪುಟ ನೋಡದೆ ಈ ಕಥೆಯನ್ನು ಇನ್ನೊಬ್ಬರಿಗೆ ಹೇಳಿ. ಎಲ್ಲಿ ತಡವರಿಸುತ್ತೀರೋ ಅಷ್ಟನ್ನು ಮಾತ್ರ ಮತ್ತೆ ಓದಿದರೆ ಸಾಕು.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ವಿರುದ್ಧ ಪದ ಕೇಳಿದಾಗ ಸಾಮಾನ್ಯವಾಗಿ ಪೆಸಿಮಿಸ್ಟಿಕ್, ಗ್ಲೂಮಿ, ಡೆಸ್ಪಾಂಡೆಂಟ್, ಮೊರೋಸ್ ಇವುಗಳಲ್ಲಿ ಒಂದು ಉತ್ತರವಾಗಿರುತ್ತದೆ. ಆಯ್ಕೆಗಳಲ್ಲಿ ಇಂಥದ್ದು ಯಾವುದೂ ಇಲ್ಲದೆ ಪ್ಯಾಲಿಡ್ ಇದ್ದರೆ ಗಾಬರಿ ಬೇಡ. ಪ್ಯಾಲಿಡ್ ಅಂದರೆ ಬಿಳಿಚಿಕೊಂಡ. ಕೇಳಿರುವುದು ಕೆಂಪು ಮುಖದ ಹಳೆಯ ಅರ್ಥವನ್ನು.

ಇದಾದ ಮೇಲೆ ಯಾವ ಪದ? ನನ್ನ ಸಲಹೆ ಗ್ರಹಗಳ ಗುಂಪು. ಹುಟ್ಟಿದ ಗಳಿಗೆಯ ಗ್ರಹ ಸ್ವಭಾವ ಕೊಡುತ್ತದೆ ಎಂದು ಯೂರೋಪಿನ ಜ್ಯೋತಿಷಿಗಳೂ ನಂಬಿದ್ದರು, ಅಲ್ಲಿಂದ ಬಂದ ಪದಗಳು ಇವು. ಗುರುವಿನಿಂದ ಜೋವಿಯಲ್, ನಗುನಗುತ್ತಾ ಇರುವವರು. ಬುಧನಿಂದ ಮರ್ಕ್ಯುರಿಯಲ್, ಗಳಿಗೆಗೊಂದು ಮನಸ್ಸಿನವರು. ಕುಜನಿಂದ ಮಾರ್ಷಿಯಲ್, ಯುದ್ಧಕ್ಕೆ ಸಂಬಂಧಿಸಿದ್ದು. ಶನಿಯಿಂದ ಸ್ಯಾಟರ್ನೈನ್, ಮುಖ ಗಂಟಿಕ್ಕಿಕೊಂಡ ಗಂಭೀರ ಜನ. ಪಂಚಾಂಗ ನೋಡಿ ಬೆಳೆದವರಿಗೆ ಇವು ಬೇಗ ಹತ್ತುತ್ತವೆ. ಜೋವಿಯಲ್‌ನಿಂದ ಶುರು ಮಾಡಿ, ಬಳಕೆ ಜಾಸ್ತಿ. ಸ್ಯಾಟರ್ನೈನ್‌ಗೆ ಬಂದಾಗ ಉಚ್ಚಾರದ ಕಡೆ ಗಮನ ಕೊಡಿ. ಸ್ಪೆಲಿಂಗಿನ ಬಾಲ ಸ್ಯಾಂಗ್ವಿನ್‌ನಂತೆಯೇ ಐ, ಎನ್, ಇ. ಅಲ್ಲಿ ಅದು 'ಇನ್', ಇಲ್ಲಿ 'ಐನ್'.